ಕೆನ್ನೆಯ ಒಳಮೈ

ಬಂಗಾರಪೇಟೆಯ ಪಾನಿಪುರಿಯ ಬಗ್ಗೆ ಹೊರಗಿನವರಿಗೆ ಮೊದಲೇ ಒಂದು ಎಚ್ಚರಿಕೆ ಕೊಡಬೇಕು. ನಮ್ಮೂರ ಪಾನಿ ಹಸಿರಾಗಿಯೂ ಇರುವುದಿಲ್ಲ, ಕಂದಾಗಿಯೂ ಇರುವುದಿಲ್ಲ. ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಹಾಗೆ ತಿಳಿಯಾಗಿರುತ್ತದೆ. ಬಣ್ಣ ನೋಡಿ ನಂಬಿ ಬಾಯಿಗಿಟ್ಟವರ ಕಣ್ಣಲ್ಲಿ ನೀರು ತರಿಸದೆ ಅದು ಬಿಡುವುದಿಲ್ಲ. ನಮಗೆ, ಇಲ್ಲೇ ಇರುವವರಿಗೆ, ಅದು ಅಭ್ಯಾಸ. ಹೋದ ವರ್ಷ ರಜಕ್ಕೆ ಬಂದಿದ್ದ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅವಳಿಗಿಂತ ಎರಡು ಹೆಚ್ಚು ತಿನ್ನುವ ಉತ್ಸಾಹದಲ್ಲಿ ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ ನೋಡಿ, ಎಡಗೆನ್ನೆಯ ಒಳಗೆ ಯಾರೋ ಕೆಂಡ ಇಟ್ಟ ಹಾಗಾಯಿತು. ಇದು ಖಾರದ ಉರಿಯಲ್ಲ, ಗಾಯದ ಉರಿ ಎಂದು ಕೂಡಲೇ ಗೊತ್ತಾಯಿತು. ಮೊಮ್ಮಗಳು ನಕ್ಕಳು, "ಅಜ್ಜಿ ಔಟ್" ಎಂದಳು.

ಮನೆಗೆ ಬಂದು ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು, ಟಾರ್ಚು ಹಿಡಿದು, ಬೆರಳಿನಿಂದ ಕೆನ್ನೆ ಎಳೆದು ನೋಡಿದೆ. ಹಲ್ಲು ಕೂಡುವ ಜಾಗದ ನೇರಕ್ಕೆ ಒಳಚರ್ಮ ಬೆಳ್ಳಗೆ, ನೀರಿನಲ್ಲಿ ನೆನೆದ ಕಾಗದದ ಹಾಗೆ ಎಳೆಎಳೆಯಾಗಿ ಎದ್ದಿತ್ತು. ನಾಲಿಗೆಯ ತುದಿಯಿಂದ ಮುಟ್ಟಿದರೆ ಒರಟು. ಇಷ್ಟು ವರ್ಷ ಮುಖಕ್ಕೆ ಅರಿಶಿನ ಹಚ್ಚಿದ್ದೇನೆ, ಪೌಡರು ಹಚ್ಚಿದ್ದೇನೆ. ಅದೇ ಕೆನ್ನೆಗೆ ಒಂದು ಒಳಮೈ ಇದೆ, ಅದನ್ನೂ ನೋಡಬೇಕು ಎಂದು ಒಂದು ದಿನವಾದರೂ ಅನ್ನಿಸಿರಲಿಲ್ಲ.

ಮಾರನೆಯ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ನನ್ನ ಮಗಳಿಗಿಂತ ಚಿಕ್ಕವಳು. ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು ಎರಡೂ ಕಡೆ ನಿಧಾನವಾಗಿ ನೋಡಿದಳು. ಎಲೆಅಡಿಕೆ, ಹೊಗೆಸೊಪ್ಪು ಏನಾದರೂ ಉಂಟೇ ಎಂದು ಕೇಳಿದಳು. ಇಲ್ಲ ಎಂದೆ. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಅಮ್ಮಾ, ನೀವು ಕೆನ್ನೆ ಕಚ್ಚಿಕೊಳ್ತೀರಾ?"

"ಇಲ್ಲಪ್ಪ, ಊಟ ಮಾಡುವಾಗ ಯಾವಾಗಲಾದರೂ ಅಪ್ಪಿತಪ್ಪಿ..."

"ಊಟ ಮಾಡುವಾಗ ಅಲ್ಲ. ಸುಮ್ಮನೆ ಇರುವಾಗ. ಯೋಚನೆ ಮಾಡುವಾಗ. ಯಾರಾದರೂ ಏನಾದರೂ ಅಂದಾಗ."

ಖಂಡಿತ ಇಲ್ಲ ಎಂದು ವಾದಿಸಿ ಬಂದೆ. ಮನೆಯಲ್ಲಿ ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ಉತ್ತರಪತ್ರಿಕೆ ತಿದ್ದುವಾಗ ಬಾಯಿ ಒಂದು ಕಡೆಗೆ ಎಳೆದುಕೊಂಡು ಕೂರ್ತಿದ್ದೆಯಲ್ಲ. ನಮ್ಮಮ್ಮ ಏನಾದರೂ ಅಂದಾಗಲೂ ಹಾಗೇ ಮಾಡ್ತಿದ್ದೆ. ನಲವತ್ತು ವರ್ಷದಿಂದ ನೋಡ್ತಿದ್ದೀನಿ" ಎಂದರು. ನಲವತ್ತು ವರ್ಷ! ನೋಡಿದವರು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. "ಹೇಳೋದೇನಿದೆ ಅದರಲ್ಲಿ, ನಿನಗೆ ಗೊತ್ತಿದೆ ಅಂದುಕೊಂಡೆ" ಎಂದರು.

ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ. ಏಕೆಂದರೆ ಆ ಮಾತನ್ನು, ಹೆಚ್ಚುಕಡಿಮೆ ಅದೇ ಮಾತನ್ನು, ನಾನು ಇನ್ನೊಬ್ಬರಿಗೆ ಹೇಳಿದ್ದೆ. ಅದೂ ಒಂದು ಕೆನ್ನೆಯ ಒಳಮೈಯ ವಿಷಯಕ್ಕೇ.

ಮೊದಲು ಗಾಬರಿಪಡುವವರಿಗೆ ಸಮಾಧಾನ ಹೇಳಿಬಿಡುತ್ತೇನೆ. ಬಾಯಿಯ ಒಳಚರ್ಮ ಸುಲಿಯುವುದೆಲ್ಲ ರೋಗವಲ್ಲ. ನಾನು ಪಿ.ಯು.ಸಿ. ಓದುವಾಗ ಲ್ಯಾಬಿನಲ್ಲಿ ಒಂದು ಪ್ರಯೋಗವಿತ್ತು. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಗೆ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಮೆಥಿಲೀನ್ ನೀಲಿಯ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅಂಗಳಕ್ಕೆ ಹಾಸಿದ ಚಪ್ಪಡಿಗಳ ಹಾಗೆ ತೆಳ್ಳನೆಯ ಜೀವಕೋಶಗಳು, ನಡುವೆ ಒಂದೊಂದು ನೀಲಿ ಚುಕ್ಕೆ. ಅಷ್ಟು ಸುಲಭವಾಗಿ ಅವು ಕೈಗೆ ಬರುವುದು ಏಕೆಂದರೆ ಹೇಗಿದ್ದರೂ ಉದುರಲು ಸಿದ್ಧವಾಗಿರುತ್ತವೆ. ಕೆಳಗಿನ ಪದರದಲ್ಲಿ ಹೊಸವು ಹುಟ್ಟಿ ಮೇಲಕ್ಕೆ ಬರುತ್ತವೆ, ಹಳೆಯವು ಎಂಜಲಿನೊಡನೆ ಹೋಗುತ್ತವೆ. ಕೆಲವೇ ವಾರಗಳಲ್ಲಿ ಇಡೀ ಒಳಮೈ ಹೊಸದಾಗುತ್ತದೆ. ಬಿಸಿ ಕಾಫಿಯಿಂದ ಸುಟ್ಟುಕೊಂಡ ಬಾಯಿ ನಾಲ್ಕು ದಿನದಲ್ಲಿ ಸರಿಹೋಗುವುದು ಈ ಪುಣ್ಯದಿಂದಲೇ. ನಮ್ಮ ಭಾಷೆಯಲ್ಲಿ ಪೊರೆ ಎಂದರೆ ಹಾವು ಕಳಚುವ ಪೊರೆಯೂ ಹೌದು, ಪೊರೆ ಎಂದರೆ ಕಾಪಾಡು ಎಂದೂ ಹೌದು. ಬಾಯಿಯೊಳಗೆ ಈ ಎರಡೂ ಒಂದೇ ಕೆಲಸ.

ಪಕ್ಕದ ಮನೆಯವರಿಗೆ ಬೆಳಗ್ಗೆ ಹಲ್ಲುಜ್ಜಿದ ಮೇಲೆ ಕೆನ್ನೆಯೊಳಗಿಂದ ಹಾಲಿನ ಕೆನೆಯಂಥ ಬಿಳಿ ಪದರ ಏಳುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಆದರೆ ಭಯ. ಕೆಲವು ಪೇಸ್ಟುಗಳಲ್ಲಿ ನೊರೆ ಬರಲೆಂದು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬುದು ಕೆಲವರಿಗೆ ಹೀಗೆ ಮಾಡುತ್ತದೆ. ಪೇಸ್ಟು ಬದಲಾಯಿಸಿದರು, ನಿಂತಿತು. ಹಲ್ಲುನೋವಿಗೆ ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಹಲ್ಲಿನ ಪಕ್ಕದಲ್ಲೇ ಇಟ್ಟುಕೊಳ್ಳುವವರಿದ್ದಾರೆ. ಅದು ಅಲ್ಲಿಯ ಚರ್ಮವನ್ನು ಸುಟ್ಟು ಬೆಳ್ಳಗೆ ಸುಲಿಸುತ್ತದೆ. ತಾಂಬೂಲಕ್ಕೆ ಸುಣ್ಣ ಜಾಸ್ತಿಯಾದರೂ ಅಷ್ಟೇ. ನನ್ನದು ಹಲ್ಲಿನ ಕಡಿತದ್ದು. ಇವೆಲ್ಲ ಕಾರಣ ನಿಂತರೆ ನಿಲ್ಲುತ್ತವೆ. ನಿಲ್ಲದಿರುವುದು ಬೇರೆ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೂರು ಬೆರಳು ಉದ್ದುದ್ದಕ್ಕೆ ಹಿಡಿಸುತ್ತಿದ್ದ ಬಾಯಿ ಎರಡೇ ಬೆರಳಿಗೆ ಇಳಿಯುವುದು, ಇವನ್ನು ತೋರಿಸಲೇಬೇಕು.

ಇಷ್ಟೆಲ್ಲ ನನಗೆ ಈಗ ಗೊತ್ತಾದದ್ದಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದವಳು. ಹೊಗೆಸೊಪ್ಪಿನ ಕೆಡುಕಿನ ಪಟವನ್ನು ಗೋಡೆಗೆ ನೇತುಹಾಕಿ ಪಾಠ ಮಾಡಿದವಳು. ಗೊತ್ತಿತ್ತು ಎಂಬುದೇ ಇಲ್ಲಿರುವ ತೊಂದರೆ.

ನಮ್ಮತ್ತೆಯ ಎಲೆಅಡಿಕೆ ಚೀಲಕ್ಕೆ ಮೂರು ಅರೆ. ಒಂದರಲ್ಲಿ ಒದ್ದೆ ಬಟ್ಟೆ ಸುತ್ತಿದ ಎಲೆ, ಒಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಒಳಗಿನದರಲ್ಲಿ ಹೊಗೆಸೊಪ್ಪು. ಕೆ.ಜಿ.ಎಫ್.ನ ಗಣಿಯ ಲೈನು ಮನೆಯಲ್ಲಿ ಮೂವತ್ತೈದು ವರ್ಷ ಸಂಸಾರ ಮಾಡಿದವರು. ಮಾವ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಅವರು ಶಿಫ್ಟಿಗೆ ಇಳಿದರೆಂದರೆ ಮೇಲೆ ಬರುವ ತನಕ ಅತ್ತೆಯ ಬಾಯಿಗೆ ಹೊಗೆಸೊಪ್ಪು ಬೇಕು. ನೆಲದಡಿಯಲ್ಲಿ ಕಲ್ಲು ಸಿಡಿಯುವುದನ್ನು ಅಲ್ಲಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಆದಾಗ ಮೇಲಿನ ಮನೆಗಳ ಪಾತ್ರೆಗಳೆಲ್ಲ ಒಟ್ಟಿಗೆ ಗಲಗಲ ಅನ್ನುತ್ತಿದ್ದವಂತೆ. ಹೆಂಗಸರು ಬಾಗಿಲಿಗೆ ಬಂದು ನಿಲ್ಲುವುದು, ಯಾರೂ ಏನೂ ಮಾತಾಡದೆ ಒಬ್ಬರ ಚೀಲ ಒಬ್ಬರಿಗೆ ಕೊಡುವುದು. "ಅಳೋಕೆ ಮುಂಚೆ ಬಾಯಿಗೆ ಏನಾದ್ರೂ ಬೇಕಲ್ಲಮ್ಮಾ" ಎನ್ನುತ್ತಿದ್ದರು ಅತ್ತೆ. ಮಾವ ತೀರಿಕೊಂಡ ಮೇಲೆ ಬಂಗಾರಪೇಟೆಗೆ, ನಮ್ಮ ಮನೆಗೆ ಬಂದರು. ರಾತ್ರಿ ಮಲಗುವಾಗಲೂ ಎಡದವಡೆಯಲ್ಲಿ ಒಂದು ಉಂಡೆ ಇರಲೇಬೇಕು. ಬೆಳಗ್ಗೆ ಎದ್ದು ಉಗಿಯುವುದು.

2000ನೇ ಇಸವಿಯ ಬೇಸಗೆ. ಗಣಿ ಮುಚ್ಚುತ್ತದೆ, ಇಲ್ಲ ಮುಚ್ಚುವುದಿಲ್ಲ ಎಂದು ದಿನಕ್ಕೊಂದು ಸುದ್ದಿ. ನಮ್ಮ ನೆಂಟರಲ್ಲಿ ಅರ್ಧ ಜನ ಅದನ್ನೇ ನಂಬಿದ್ದವರು. ಒಂದು ಬೆಳಗ್ಗೆ ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅತ್ತೆ ಕರೆದರು. "ಸಾರು ಉಂಡರೆ ಉರಿಯುತ್ತೆ ಕಣಮ್ಮಾ. ನೀನು ಓದಿದವಳು, ನೋಡು ಏನಾಗಿದೆ." ಕಿಟಕಿಯ ಬೆಳಕಿಗೆ ಬಾಯಿ ತೆರೆದರು. ಪೂರ್ತಿ ತೆರೆಯಲಾಗಲಿಲ್ಲ. ಎಡಗೆನ್ನೆಯ ಒಳಗೆ ಕೆಂಗಂದು ಬಣ್ಣದ ಮೇಲೆ ಚರ್ಮ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಎಲೆಅಡಿಕೆ ಹಾಕುವವರಲ್ಲಿ ಹಾಗೆ ಏಳುವುದುಂಟು. ಆದರೆ ಅದರ ಹಿಂದೆ, ಉಂಡೆ ಕೂರುವ ಜಾಗದಲ್ಲಿ, ಎಂಟಾಣೆ ಅಗಲದ ಒಂದು ಬಿಳಿ ಮಚ್ಚೆ ಇತ್ತು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದೆ. ಹೋಗಲಿಲ್ಲ.

ಗೋಡೆಯ ಪಟ ನನ್ನ ಕಣ್ಣಮುಂದೆ ಬಂತು. ಬಂತು ಎಂಬುದನ್ನು ನಾನು ಇವತ್ತು ಒಪ್ಪಿಕೊಳ್ಳಬೇಕು. ಆದರೆ ಬಾಯಿಂದ ಹೊರಟದ್ದು: "ಏನಿಲ್ಲ ಅತ್ತೆ, ಸುಣ್ಣ ಜಾಸ್ತಿಯಾಗಿದೆ. ಸ್ವಲ್ಪ ತುಪ್ಪ ಸವರಿಕೊಳ್ಳಿ."

ಎಂಟು ತಿಂಗಳು ಹಾಗೇ ಇದ್ದೆ. ದಿನಾ ಊಟಕ್ಕೆ ಬಡಿಸುವಾಗ ಅವರ ಮುಖ ನೋಡುವುದು, ಸಾರಿಗೆ ಖಾರ ಕಡಿಮೆ ಮಾಡುವುದು, ಸುಮ್ಮನಿರುವುದು. ಆ ಮೌನಕ್ಕೆ ನನ್ನ ಹತ್ತಿರ ಕಾರಣಗಳಿಗೇನೂ ಕೊರತೆ ಇರಲಿಲ್ಲ. ಹಿರಿಯರಿಗೆ "ನಿಮ್ಮ ಚಟದಿಂದ ಹೀಗಾಗಿದೆ" ಎಂದು ಸೊಸೆಯಾದವಳು ಹೇಗೆ ಹೇಳುವುದು? ಗಂಡನನ್ನು ಕಳೆದುಕೊಂಡವರಿಗೆ ಉಳಿದಿರುವುದು ಅದೊಂದೇ ಸುಖ, ಅದನ್ನೂ ಕಿತ್ತುಕೊಳ್ಳುವುದೇ? ಈ ವಯಸ್ಸಿನಲ್ಲಿ ಹೇಳಿದರೆ ಬಿಡುತ್ತಾರೆಯೇ? ಸುಮ್ಮನೆ ಕೊರಗುತ್ತಾರೆ. ಬೆಂಗಳೂರಿಗೆ ಕರೆದುಕೊಂಡು ಹೋಗುವವರು ಯಾರು, ಖರ್ಚಿಗೆ ಎಲ್ಲಿ? ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ ಹತ್ತಿರದಲ್ಲಿತ್ತು. ಒಂದೊಂದು ಕಾರಣವೂ ಪ್ರತ್ಯೇಕವಾಗಿ ನೋಡಿದರೆ ನ್ಯಾಯವೇ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಅವುಗಳ ಬುಡ ಕಾಣುತ್ತದೆ. ಹೇಳಿದ ಮರುಕ್ಷಣದಿಂದ ಆ ಕಷ್ಟ ನನ್ನದೂ ಆಗುತ್ತಿತ್ತು. ಹೇಳದಿದ್ದರೆ ಅದು ಅವರ ಬಾಯಲ್ಲೇ ಇರುತ್ತಿತ್ತು.

ಈ ನಡುವೆ ನಾನು ಎಲ್ಲರ ಕಣ್ಣಿಗೂ ಒಳ್ಳೆಯ ಸೊಸೆ. "ಬಾಯಿಸತ್ತವಳು ಪಾಪ, ಒಂದು ದಿನ ಎದುರಾಡಿದವಳಲ್ಲ" ಎಂದು ನೆಂಟರ ಮನೆಯಲ್ಲಿ ಹೊಗಳಿಕೆ. ಬಾಯಿ ಸತ್ತಿದೆ ಎಂಬುದು ನಮ್ಮಲ್ಲಿ ಹೆಂಗಸಿಗೆ ಹೊಗಳಿಕೆಯಾಗುತ್ತದೆ ಎಂಬುದನ್ನು ಗಮನಿಸಿದ್ದೀರಾ? ಬಾಯಿ ಬದುಕಿದ್ದರೆ ಅವಳು ಬಾಯಿಬಡುಕಿ.

ಮುಂದಿನ ವರ್ಷ ಜನವರಿಯಲ್ಲಿ ನಮ್ಮ ಬೀದಿಯ ಹತ್ತಿರ ದಂತ ತಪಾಸಣೆಯ ಶಿಬಿರ ನಡೆಯಿತು. ಅತ್ತೆ ಅಲುಗಾಡುತ್ತಿದ್ದ ಹಲ್ಲು ಕೀಳಿಸಲು ತಾವೇ ಹೋದರು. ಅಲ್ಲಿದ್ದ ಹುಡುಗ, ಇನ್ನೂ ಓದುತ್ತಿದ್ದವನಿರಬೇಕು, ನೋಡಿದವನೇ ಹಲ್ಲಿನ ಮಾತು ಬಿಟ್ಟು ಇದನ್ನು ಹೇಳಿದ್ದಾನೆ. ಅವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು, "ಅಜ್ಜಿ, ಇದು ಹುಣ್ಣಲ್ಲ, ಇದನ್ನ ದೊಡ್ಡಾಸ್ಪತ್ರೆಗೆ ತೋರಿಸಬೇಕು, ತಡ ಮಾಡಬೇಡಿ" ಎಂದಿದ್ದಾನೆ. ಸಂಜೆ ನಾನು ಸ್ಕೂಲಿನಿಂದ ಬಂದಾಗ ಅತ್ತೆ ಹಜಾರದಲ್ಲಿ ಕೂತಿದ್ದರು. ಚೀಲ ಮಡಿಲಲ್ಲಿರಲಿಲ್ಲ.

"ಅವತ್ತು ನೀನು ನೋಡಿದ್ಯಲ್ಲ. ಗೊತ್ತಾಗಿತ್ತಾ ನಿಂಗೆ?"

ನಾನು ಸುಳ್ಳು ಹೇಳಲಿಲ್ಲ. "ನಿಮಗೂ ಗೊತ್ತಿರಬಹುದು ಅಂದುಕೊಂಡೆ ಅತ್ತೆ" ಎಂದೆ. ಅದು ಸುಳ್ಳಿಗಿಂತ ಕೆಟ್ಟದಾಗಿತ್ತು.

ಅವರು ಬಯ್ಯಲಿಲ್ಲ. ಬಹಳ ಹೊತ್ತು ಬಿಟ್ಟು ಹೇಳಿದರು: "ಹೇಳಿದ್ರೆ ಅವತ್ತೇ ಬಿಟ್ಟುಬಿಡ್ತಿದ್ನೋ ಇಲ್ವೋ, ಅದು ಬೇರೆ ಮಾತು. ಬಾಯಿ ನಂದು. ಏನು ಮಾಡ್ಲಿ ಅಂತ ಯೋಚನೆ ಮಾಡೋಕೆ ಎಂಟು ತಿಂಗಳು ಸಿಗ್ತಿತ್ತು ನಂಗೆ. ಅದನ್ನ ನೀನು ತಗೊಂಡೆ."

ಈ ಮಾತನ್ನು ನಾನು ಎಷ್ಟೋ ಸಲ ತಿರುವಿ ತಿರುವಿ ನೋಡಿದ್ದೇನೆ. ಅವರು "ನನ್ನನ್ನು ಉಳಿಸಲಿಲ್ಲ" ಎನ್ನಲಿಲ್ಲ. "ನನ್ನದನ್ನು ತೆಗೆದುಕೊಂಡೆ" ಎಂದರು. ನಾನು ಅಲ್ಲಿಯತನಕ ಯೋಚಿಸಿದ್ದೆಲ್ಲ ಅವರಿಂದ ಹೊಗೆಸೊಪ್ಪನ್ನು ಕಿತ್ತುಕೊಳ್ಳಬಾರದು ಎಂದು. ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದನ್ನು. ಸುಖ ಕೆಡಿಸಬಾರದು ಎಂದು ಸುಮ್ಮನಿದ್ದೇನೆ ಎಂದುಕೊಂಡಿದ್ದೆ. ಆದರೆ ತಿಳಿದು ಆರಿಸಿಕೊಂಡದ್ದು ಮಾತ್ರ ತನ್ನ ಸುಖ. ತಿಳಿಯಗೊಡದೆ ಉಳಿಸಿಕೊಟ್ಟದ್ದು ಇನ್ನೊಬ್ಬರು ನಮಗೆ ಹಾಕಿದ ಭಿಕ್ಷೆ.

ಅವರನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬೆಳಗಿನ ರೈಲಿನಲ್ಲಿ ಹೋಗುವುದು, ರಾತ್ರಿಯ ರೈಲಿನಲ್ಲಿ ಬರುವುದು. ಗಣಿ ಮುಚ್ಚಿದ್ದು ಅದೇ ದಿನಗಳಲ್ಲಿ, 2001ರ ಫೆಬ್ರವರಿ 28ರಂದು. ನೂರಿಪ್ಪತ್ತು ವರ್ಷ ನಡೆದ ಗಣಿ. ರೈಲಿನ ತುಂಬ ಅದೇ ಮಾತು, ನಮ್ಮ ಬೆಂಚಿನಲ್ಲಿ ಮಾತ್ರ ಬೇರೆ ಮಾತು. ಆಪರೇಷನ್ ಆಯಿತು, ಆಮೇಲೆ ಕರೆಂಟು ಕೊಟ್ಟರು. ಆ ಚಿಕಿತ್ಸೆಯ ವಾರಗಳಲ್ಲಿ ಬಾಯಿಯ ಒಳಮೈ ಪೂರ್ತಿ ಸುಲಿದುಹೋಗುತ್ತದೆ. ನೀರು ಕುಡಿದರೂ ಉರಿ. ರಾಗಿ ಗಂಜಿಯನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ಚಮಚದಲ್ಲಿ ಕೊಡುತ್ತಿದ್ದೆ. "ಹೊಗೆಸೊಪ್ಪು ಇಷ್ಟು ಸುಲಿದಿರಲಿಲ್ಲ" ಎಂದು ಬರೆದು ತೋರಿಸಿದರು ಒಮ್ಮೆ, ನಕ್ಕರು. ಚಿಕಿತ್ಸೆ ನಿಂತ ಮೇಲೆ ವಾರ ವಾರಕ್ಕೆ ಹೊಸ ಪೊರೆ ಬಂತು. ಒಂದು ಕೆನ್ನೆ ಕುಸಿದ ಮುಖದಲ್ಲೇ ಇನ್ನೂ ಏಳು ವರ್ಷ ಬದುಕಿದರು. ಹೊಗೆಸೊಪ್ಪನ್ನು ಶಿಬಿರದಿಂದ ಬಂದ ದಿನವೇ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಯಾರೂ ಬಿಡಿಸಲಿಲ್ಲ. ಬಿಟ್ಟರು.

"ಈ ವಯಸ್ಸಿನಲ್ಲಿ ಹೇಳಿದರೆ ಬಿಡುತ್ತಾರೆಯೇ" ಎಂದು ನಾನು ಅಂದುಕೊಂಡಿದ್ದೆನಲ್ಲ. ನನ್ನದೇ ಜಿಲ್ಲೆಯಲ್ಲಿ ಅದಕ್ಕೆ ಉತ್ತರ ಆಗಲೇ ಸಿಕ್ಕಿತ್ತು ಎಂಬುದು ನನಗೆ ತಿಳಿದದ್ದು ತಡವಾಗಿ. 1980ರ ದಶಕದಲ್ಲಿ ಕಿದ್ವಾಯಿ ಸಂಸ್ಥೆಯವರು ಕೋಲಾರ ಜಿಲ್ಲೆಯ ಹಳ್ಳಿಗಳನ್ನು ಆರಿಸಿಕೊಂಡು, ಹೊಗೆಸೊಪ್ಪಿನ ಬಗ್ಗೆ ಜನರಿಗೆ ತಿಳಿಹೇಳಿ, ಆಮೇಲೆ ಎಷ್ಟು ಜನ ಬಿಟ್ಟರು ಎಂದು ಲೆಕ್ಕ ಹಾಕಿದ್ದರು. ಅದರ ಫಲಿತಾಂಶ ಪ್ರಕಟವಾದದ್ದು 1995ರಲ್ಲಿ. ತಿಳಿಹೇಳಿದ ಹಳ್ಳಿಗಳಲ್ಲಿ ಅಭ್ಯಾಸವಿದ್ದ ಗಂಡಸರಲ್ಲಿ ಕಾಲುಭಾಗದಷ್ಟು ಮಂದಿ ಬಿಟ್ಟಿದ್ದರು. ಹೆಂಗಸರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ. ಅಂದರೆ ಗಂಡಸರಿಗಿಂತ ಹೆಚ್ಚು. ಓದು ಬರಹ ಇಲ್ಲದ, ಹೊಲದಲ್ಲಿ ದುಡಿಯುವ, ದವಡೆಯಲ್ಲಿ ಉಂಡೆ ಇಟ್ಟುಕೊಂಡೇ ಬೆಳೆದ ಹೆಂಗಸರು. ಅವರಿಗೆ ಬೇಕಾಗಿದ್ದದ್ದು ಒಬ್ಬರು ಬಂದು ಎದುರು ಕೂತು ಹೇಳುವುದು ಮಾತ್ರ. ನಾನು ಅತ್ತೆಯನ್ನು ಗೌರವಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಅವರ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದ್ದೆ.

ಬೆಂಗಳೂರಿನಲ್ಲಿ ಬಾಯಿಯ ಕ್ಯಾನ್ಸರಿನ ಬಗ್ಗೆ ನಡೆದು 1990ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವ ಹೆಂಗಸರಿಗೆ ಅಪಾಯ ಗಂಡಸರಿಗಿಂತಲೂ ಎದ್ದು ಕಾಣುವಷ್ಟು ಹೆಚ್ಚು, ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಾರೋ ಅಷ್ಟು ಹೆಚ್ಚು, ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವವರಿಗಂತೂ ಬಹಳ ಹೆಚ್ಚು ಎಂದು ಅದು ಹೇಳುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ ಏನಾಗದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರು ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಎರಡು ಬೇರೆ ಬೇರೆ ಚೀಟಿ ಕೊಂಡು ಅಂಗೈಯಲ್ಲಿ ಬೆರೆಸಿ ಬಾಯಿಗೆ ಸುರಿದುಕೊಳ್ಳುವ ಹುಡುಗರನ್ನು ಮಾರಿಕುಪ್ಪಂ ರೈಲಿನಲ್ಲಿ ನಾನೇ ಕಂಡಿದ್ದೇನೆ.

ಹಾಗಾದರೆ ಕಂಡದ್ದನ್ನೆಲ್ಲ ಹೇಳಿಬಿಡುವುದೇ ಧರ್ಮವೇ? ಅಷ್ಟು ಸುಲಭವಲ್ಲ. ಇದಕ್ಕೂ ನಮ್ಮ ಗಣಿಯ ನೆನಪೇ ಬರುತ್ತದೆ. ಕಲ್ಲಿನ ಧೂಳು ಪುಪ್ಪುಸಕ್ಕೆ ಸೇರಿ ಬರುವ ಸಿಲಿಕೋಸಿಸ್ ಕೆ.ಜಿ.ಎಫ್.ನ ದೊಡ್ಡ ಶಾಪವಾಗಿತ್ತು. 1940ರಿಂದ 1946ರ ನಡುವೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಅದು ಕಂಡಿತು. ಆ ರೋಗಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಪೂರ್ತಿ ಗುಣಪಡಿಸುವ ಮದ್ದಿಲ್ಲ. ಮದ್ದಿಲ್ಲದ್ದನ್ನು ಹೇಳಿ ಮನುಷ್ಯನ ನಿದ್ದೆ ಕೆಡಿಸುವುದು ಕರುಣೆಯೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಸಾಯುತ್ತಿರುವವರ ತಲೆದಿಂಬಿನ ಪಕ್ಕ ಕೂತು ಲೆಕ್ಕ ಒಪ್ಪಿಸುವವರನ್ನು ನಾನೂ ಕಂಡಿದ್ದೇನೆ. ಅವರದು ಸತ್ಯದ ಮೇಲಿನ ಪ್ರೀತಿಯಲ್ಲ, ತಮ್ಮ ಬಾಯಿಯ ಮೇಲಿನ ಪ್ರೀತಿ. ಹೀಗಿದ್ದರೂ, ಮದ್ದಿಲ್ಲದ ರೋಗಿಗೂ ಮಾಡಬೇಕಾದ ಕೆಲಸಗಳಿರುತ್ತವೆ. ಧೂಳಿನ ಕೆಲಸ ಬಿಡುವುದಿರುತ್ತದೆ, ಮಗಳ ಮದುವೆ ಮುಂದೆ ತರುವುದಿರುತ್ತದೆ, ಯಾರ ಹತ್ತಿರವೋ ಮಾತು ಬಿಟ್ಟದ್ದನ್ನು ಸರಿಮಾಡುವುದಿರುತ್ತದೆ. ಅವರು ಎಷ್ಟು ತಿಳಿಯಲು ಬಯಸುತ್ತಾರೆ ಎಂದು ಮೊದಲು ಅವರನ್ನೇ ಕೇಳಬಹುದು. "ನೋಡಿದೆ, ನನಗೆ ಅನುಮಾನ ಇದೆ, ಹೇಳಲೇ?" ಎಂಬ ಒಂದು ಪ್ರಶ್ನೆ. ಬೇಡ ಎಂದರೆ ಬೇಡ. ಆದರೆ ಆ "ಬೇಡ" ಅವರ ಬಾಯಿಂದ ಬರಬೇಕು, ನಮ್ಮ ಊಹೆಯಿಂದ ಅಲ್ಲ.

ಇನ್ನೊಂದು ತುದಿಯೂ ಇದೆ. ನಮ್ಮ ಬೀದಿಯಲ್ಲೇ ಒಬ್ಬರು ಅಮ್ಮನ ಎಲೆಅಡಿಕೆ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಮುದುಕಿ ಅಂಗಡಿಯವನ ಹತ್ತಿರ ಸಾಲ ಬೇಡಿ, ಹಿತ್ತಿಲಿನ ಕಲ್ಲಿನ ಹಿಂದೆ ನಿಂತು ಹಾಕಿಕೊಳ್ಳುತ್ತಿದ್ದರು. ನಾನು ತಿಳಿಸದೆ ಕಿತ್ತುಕೊಂಡೆ, ಇವರು ತಿಳಿಸಿ ಕಿತ್ತುಕೊಂಡರು. ಎರಡರಲ್ಲೂ ಆ ಬಾಯಿ ಯಾರದು ಎಂಬುದನ್ನು ಮರೆತಿದ್ದೆವು. ಹೇಳುವುದು ನಮ್ಮ ಋಣ, ತೀರ್ಮಾನ ಅವರ ಹಕ್ಕು. ಇವೆರಡರ ನಡುವಿನ ಗೆರೆ ತೆಳ್ಳಗಿದೆ, ನಿಜ. ತೆಳ್ಳಗಿದೆ ಎಂದು ಇಲ್ಲವೆನ್ನಬಾರದು.

ಮಾವ ಒಂದು ವಿಷಯ ಹೇಳುತ್ತಿದ್ದರು. ಕಲ್ಲು ಒಡೆದು ತೆಗೆದ ಜಾಗಕ್ಕೆ ಕೆಲಸಗಾರರು ಹೋಗುವ ಮೊದಲು ಒಬ್ಬ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಮಾಡನ್ನೂ ಗೋಡೆಯನ್ನೂ ತಟ್ಟುತ್ತಾ ಹೋಗಬೇಕು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಕಲ್ಲು ಡಬ್ ಎನ್ನುತ್ತದೆ. ನೋಡಲು ಎರಡೂ ಒಂದೇ. ಡಬ್ ಎಂದದ್ದನ್ನು ಕೇಳಿದವನು ಯಾರೇ ಆಗಲಿ, ಮೇಸ್ತ್ರಿಯೋ ನಿನ್ನೆ ಸೇರಿದ ಹುಡುಗನೋ, ಕೂಗಿ ಹೇಳಬೇಕು. "ಅಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲ. ಕೆಳಗೆ ನಿಂತವನ ತಲೆ ಒಂದೇ ಲೆಕ್ಕ" ಎನ್ನುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದು ಈ ಕಥೆ ಹತ್ತು ಸಲ ಕೇಳಿದವಳು ನಾನು. ಅವರ ಹೆಂಡತಿಯ ಕೆನ್ನೆಯ ಮೇಲೆ ಬಟ್ಟೆ ಸುತ್ತಿದ ಬೆರಳಿಟ್ಟು, ಡಬ್ ಎಂಬ ಸದ್ದು ಕೇಳಿ, ಸುಣ್ಣ ಜಾಸ್ತಿಯಾಗಿದೆ ಎಂದವಳೂ ನಾನೇ.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ಚಿನ್ನದ ಊರಿನವರು ಸ್ವಲ್ಪ ಯೋಚಿಸಿ ಹೇಳಬೇಕು. ಒಂದು ಟನ್ ಕಲ್ಲು ಪುಡಿಮಾಡಿದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಉಳಿದದ್ದೆಲ್ಲ ಊರ ಪಕ್ಕ ಸೈನೈಡ್ ದಿಬ್ಬವಾಗಿ ಕೂತಿದೆ, ಗಾಳಿ ಬಂದಾಗ ಮನೆಯೊಳಕ್ಕೆ ಬರುತ್ತದೆ. ಮೌನದಲ್ಲೂ ಹಾಗೆಯೇ, ನಿಜವಾದ ಬಂಗಾರ ಕೆಲವೇ ಗ್ರಾಂ. ಇನ್ನೊಬ್ಬರ ಗುಟ್ಟು ಕಾಯುವ ಮೌನ, ದುಃಖದವರ ಪಕ್ಕ ಕೂರುವ ಮೌನ, ಅವು ಬಂಗಾರ. ಉಳಿದದ್ದರಲ್ಲಿ ಬಹುಪಾಲು ಅಂಜಿಕೆ, ಆಲಸ್ಯ, ಒಳ್ಳೆಯವಳೆನಿಸಿಕೊಳ್ಳುವ ಆಸೆ. ಅವೂ ಎಲ್ಲಿಗೂ ಹೋಗುವುದಿಲ್ಲ, ದಿಬ್ಬವಾಗಿ ಕೂರುತ್ತವೆ.

ನನ್ನ ಮೌನ ಎಲ್ಲಿ ಕೂತಿತ್ತು ಎಂಬುದನ್ನು ಆ ಡಾಕ್ಟರ ಪುಟ್ಟ ಕನ್ನಡಿ ತೋರಿಸಿತು. ಆಡದೆ ನುಂಗಿದ ಮಾತುಗಳನ್ನು ನಾನು ನುಂಗಿರಲೇ ಇಲ್ಲ, ಕೆನ್ನೆಯಲ್ಲಿಟ್ಟುಕೊಂಡು ಜಗಿಯುತ್ತಿದ್ದೆ. ಅತ್ತೆಗೆ ಎಲೆಅಡಿಕೆ ಚೀಲವಾದರೂ ಇತ್ತು, ಎಲ್ಲರಿಗೂ ಕಾಣುತ್ತಿತ್ತು. ನನಗೆ ಅದೂ ಇರಲಿಲ್ಲ. ನನ್ನ ಈ ಗಾಯ ಕ್ಯಾನ್ಸರಿನದಲ್ಲ, ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾಳೆ. ಕಚ್ಚುವುದು ಬಿಟ್ಟರೆ ತಾನೇ ಮಾಯುತ್ತದಂತೆ. ಬಿಡುವ ದಾರಿಯೆಂದರೆ ಕಚ್ಚುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಗೊತ್ತಾಗುವುದು. ಅದಕ್ಕೆ ಮನೆಯವರ ಸಹಾಯ ಬೇಕು.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ನನ್ನ ಬಾಯಿ ಒಂದು ಕಡೆ ಎಳೆದುಕೊಂಡದ್ದು ಕಂಡರೆ ಯಜಮಾನರು "ಡಬ್" ಎನ್ನಬೇಕು. ಮೊದಮೊದಲು ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು. ನಾನು ಹಲ್ಲು ಸಡಿಲಿಸಿ, ಏನು ಹೇಳಬೇಕೆಂದಿದ್ದೆನೋ ಅದನ್ನು ಹೇಳಬೇಕು. ಕೆಲವು ಸಲ ಹೇಳುವಂಥದ್ದು ಏನೂ ಇರುವುದಿಲ್ಲ, ನಕ್ಕು ಸುಮ್ಮನಾಗುತ್ತೇನೆ. ಕೆಲವು ಸಲ ಇರುತ್ತದೆ.

ಹೋದ ತಿಂಗಳು ಹೂ ಮಾರುವಾಕೆ ಬಾಗಿಲಲ್ಲಿ ಮೊಳ ಹಾಕುತ್ತಾ ಮಾತಾಡುವಾಗ ಅವಳ ಬಾಯಿ ಪೂರ್ತಿ ತೆರೆಯದಿರುವುದು ಕಣ್ಣಿಗೆ ಬಿತ್ತು. ಕೆನ್ನೆಯಲ್ಲಿ ಉಂಡೆ ಇತ್ತು. ಒಳಗೆ ಹೋಗಿ ಚಿಲ್ಲರೆ ತಂದೆ. ತರುವಷ್ಟರಲ್ಲಿ ನನ್ನ ಹಲ್ಲು ಎಡಗೆನ್ನೆಯನ್ನು ಹಿಡಿದಿತ್ತು. ಯಜಮಾನರು ಮನೆಯಲ್ಲಿರಲಿಲ್ಲ, ಡಬ್ ಎನ್ನುವವರಿರಲಿಲ್ಲ. ಮೆಟ್ಟಿಲ ಮೇಲೆ ಅವಳ ಪಕ್ಕ ಕೂತುಕೊಂಡೆ. "ಒಂದು ಮಾತು ಹೇಳಲೇನಮ್ಮಾ, ಬೇಜಾರು ಮಾಡ್ಕೋಬೇಡ. ಖಾರ ತಿಂದ್ರೆ ಉರಿಯುತ್ತಾ ನಿಂಗೆ?" ಎಂದು ಕೇಳಿದೆ.

ಅವಳು ಹೂವಿನ ಬುಟ್ಟಿ ಕೆಳಗಿಟ್ಟಳು.